ಕನ್ನಡಿಯ ಕ್ಯಾಮೆರಾ ಮತ್ತು ಹಾರುವ ಹಕ್ಕಿ: ನಿಕಾನ್ ಡಿ500ರ ಬಲಾಬಲ

ಹಕ್ಕಿಗಳ ಚಿತ್ರ ತೆಗೆಯುವವರ ನಡುವೆ ನಿಕಾನ್ ಡಿ500ರ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರುಬದುರಾಗುತ್ತವೆ. ಅದರಷ್ಟು ನಂಬಿಕಸ್ಥ ಕ್ಯಾಮೆರಾ ಮತ್ತೊಂದಿಲ್ಲ ಎನ್ನುವವರು ಒಂದು ಕಡೆ; ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಬಂದ ಮೇಲೆ ಅದರ ಕಾಲ ಮುಗಿಯಿತು ಎನ್ನುವವರು ಇನ್ನೊಂದು ಕಡೆ. ಹಲವು ವರ್ಷ ಅದನ್ನು ಹೆಗಲಿಗೇರಿಸಿಕೊಂಡು ಭದ್ರಾ ಹಿನ್ನೀರು, ರಂಗನತಿಟ್ಟು, ನಾಗರಹೊಳೆ, ಗಣೇಶಗುಡಿ ಎಂದು ತಿರುಗಿರುವ ನನಗೆ ಈ ಎರಡೂ ಮಾತುಗಳಲ್ಲಿ ಸತ್ಯಾಂಶ ಕಾಣುತ್ತದೆ. ಆದರೆ ಗುಣಗಳನ್ನು ಒಂದು ಪಟ್ಟಿಯಲ್ಲಿ, ದೋಷಗಳನ್ನು ಇನ್ನೊಂದು ಪಟ್ಟಿಯಲ್ಲಿ ಬರೆದು ಕೂಡಿ ಕಳೆಯುವ ಕ್ರಮದಿಂದ ಈ ಕ್ಯಾಮೆರಾ ಅರ್ಥವಾಗುವುದಿಲ್ಲ. ಅದರ ಬಲ ಯಾವ ನಿರ್ಧಾರದಿಂದ ಹುಟ್ಟಿದೆಯೋ ಅದರ ಮಿತಿಯೂ ಅದೇ ನಿರ್ಧಾರದಿಂದ ಹುಟ್ಟಿದೆ. ದೂರದಲ್ಲಿ ವೇಗವಾಗಿ ಚಲಿಸುವ ಜೀವಿಯನ್ನು ಉದ್ದನೆಯ ಲೆನ್ಸ್ ಮೂಲಕ ಹಿಡಿಯುವುದು ಎಂಬ ಒಂದೇ ಕೆಲಸಕ್ಕೆ ಈ ಬಾಡಿಯನ್ನು (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾವನ್ನು) ಒಪ್ಪಿಸಿಬಿಟ್ಟಿದ್ದಾರೆ. ಆ ಕೆಲಸಕ್ಕೆ ಬೇಕಾದದ್ದೆಲ್ಲ ಇದರಲ್ಲಿ ಉದಾರವಾಗಿ ಇದೆ, ಬೇಡವಾದದ್ದರ ಕಡೆ ಗಮನ ಕಡಿಮೆ.

ಇದು ಬಂದ ಹಿನ್ನೆಲೆಯನ್ನು ನೆನಪಿಸಿಕೊಂಡರೆ ಈ ಮಾತು ಸ್ಪಷ್ಟವಾಗುತ್ತದೆ. 2007ರಲ್ಲಿ ಡಿ300, 2009ರಲ್ಲಿ ಡಿ300ಎಸ್ ಬಂದ ಮೇಲೆ, ಸಣ್ಣ ಸೆನ್ಸರ್‌ನ, ಅಂದರೆ ಬಿಂಬವನ್ನು ದಾಖಲಿಸುವ ಫಲಕ ಚಿಕ್ಕದಾಗಿರುವ, ವೃತ್ತಿಪರ ದರ್ಜೆಯ ಬಾಡಿಯನ್ನು ನಿಕಾನ್ ಕಂಪನಿ ಆರು ವರ್ಷಕ್ಕೂ ಹೆಚ್ಚು ಕಾಲ ತರಲಿಲ್ಲ. ಆ ದಾರಿಯೇ ಮುಚ್ಚಿಹೋಯಿತೆಂದು ಬಹಳ ಜನ ಭಾವಿಸಿದ್ದರು. 2016ರ ಜನವರಿಯಲ್ಲಿ ಕಂಪನಿಯ ಅಗ್ರಶ್ರೇಣಿಯ ಡಿ5 ಜೊತೆಗೇ ಡಿ500 ಘೋಷಣೆಯಾಯಿತು. ಎರಡಕ್ಕೂ ಒಂದೇ ಫೋಕಸ್ ಘಟಕ, ಒಂದೇ ಎಕ್ಸ್‌ಪೀಡ್ 5 ಸಂಸ್ಕಾರಕ. ಕ್ರೀಡಾಂಗಣಗಳ ಪತ್ರಿಕಾ ಛಾಯಾಗ್ರಾಹಕರಿಗೆಂದು ರೂಪಿಸಿದ ಫೋಕಸ್ ವ್ಯವಸ್ಥೆ ಡಿ5ರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಬೆಲೆಯ ಬಾಡಿಯೊಳಗೆ ಬಂದು ಕೂತದ್ದು ಸಣ್ಣ ಸಂಗತಿಯಲ್ಲ.

ಅದರ ಪರಿಣಾಮ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟ ಕ್ಷಣವೇ ಕಾಣುತ್ತದೆ. 153 ಫೋಕಸ್ ಬಿಂದುಗಳ ಈ ಘಟಕವನ್ನು ಮೂಲತಃ ಫುಲ್ ಫ್ರೇಮ್ ಎಂಬ ದೊಡ್ಡ ಸೆನ್ಸರ್‌ನ ಚೌಕಟ್ಟಿಗೆಂದು ರೂಪಿಸಿದ್ದು. ಅಲ್ಲಿ ಅದು ನಡುಭಾಗವನ್ನು ಮಾತ್ರ ಆವರಿಸುತ್ತದೆ. ಅದೇ ಘಟಕವನ್ನು ಡಿ500ರ ಸಣ್ಣ ಚೌಕಟ್ಟಿಗೆ ತಂದಾಗ ಬಿಂದುಗಳು ಎಡ ಅಂಚಿನಿಂದ ಬಲ ಅಂಚಿನವರೆಗೆ ಹರಡಿಕೊಂಡವು. ಹಕ್ಕಿ ಚೌಕಟ್ಟಿನ ಎಡ ಅಥವಾ ಬಲ ಅಂಚಿಗೆ ಸರಿದರೂ ಅಲ್ಲೊಂದು ಬಿಂದು ಅದಕ್ಕಾಗಿ ಇರುತ್ತದೆ. ಡಿಎಸ್‌ಎಲ್‌ಆರ್‌ಗಳಲ್ಲಿ, ಅಂದರೆ ಒಳಗೆ ಕನ್ನಡಿಯಿರುವ ಡಿಜಿಟಲ್ ಕ್ಯಾಮೆರಾಗಳಲ್ಲಿ, ಇಂಥ ವ್ಯಾಪ್ತಿ ಅಪರೂಪ. 153ರಲ್ಲಿ ನಾವು ಕೈಯಾರೆ ಆಯ್ದುಕೊಳ್ಳಬಹುದಾದವು 55 ಮಾತ್ರ, ಉಳಿದವು ಅವುಗಳಿಗೆ ನೆರವಾಗುತ್ತವೆ. ಆದರೆ 99 ಬಿಂದುಗಳು ಅಡ್ಡ ಗೆರೆ, ಲಂಬ ಗೆರೆ ಎರಡನ್ನೂ ಓದಬಲ್ಲವು ಎಂಬುದು ಹೆಚ್ಚು ಮುಖ್ಯವಾದ ಅಂಕಿ.

ಭದ್ರಾ ಜಲಾಶಯದ ನದಿ ರೀವಗಳು (ರಿವರ್ ಟರ್ನ್ ಹಕ್ಕಿಗಳು) ಈ ವ್ಯವಸ್ಥೆಯನ್ನು ಪರೀಕ್ಷಿಸುವಷ್ಟು ಕಠಿಣವಾಗಿ ಬೇರಾವ ಹಕ್ಕಿಯೂ ಪರೀಕ್ಷಿಸಿದ್ದನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ನೀರು ಇಳಿಯುತ್ತಿದ್ದಂತೆ ಹಿನ್ನೀರಿನ ನಡುವೆ ಎದ್ದು ನಿಲ್ಲುವ ದಿಬ್ಬಗಳಲ್ಲಿ ಅವು ಗುಂಪಾಗಿ ಮೊಟ್ಟೆಯಿಡುತ್ತವೆ. ಹಳದಿ ಕೊಕ್ಕು, ಕಪ್ಪು ನೆತ್ತಿ, ಬೂದು ಮಿಶ್ರಿತ ಬಿಳಿ ಮೈ. ನೀರಿನ ಮೇಲೆ ತೇಲುವಂತೆ ಸಾಗುತ್ತಿದ್ದ ಹಕ್ಕಿ ಗಾಳಿಯಲ್ಲೇ ಒಮ್ಮೆ ತಡೆದು ನಿಂತು, ತಲೆ ಕೆಳಗೆ ಮಾಡಿ, ರೆಕ್ಕೆ ಮಡಚಿ ನೀರಿಗೆ ಬೀಳುತ್ತದೆ. ದೋಣಿ ಅಲುಗಾಡುತ್ತಿರುತ್ತದೆ, ಹಿನ್ನೆಲೆಯ ದಡ ಫೋಕಸನ್ನು ತನ್ನ ಕಡೆ ಸೆಳೆಯುತ್ತಿರುತ್ತದೆ, ನಡುವೆ ಇನ್ನೊಂದು ರೀವ ಅಡ್ಡ ಹಾರುತ್ತದೆ. ಇಂಥಲ್ಲಿ ನಾನು 25 ಬಿಂದುಗಳ ಗುಂಪನ್ನು ಆರಿಸಿಕೊಂಡು, ಫೋಕಸ್ ಮಾಡುವ ಕೆಲಸವನ್ನು ಶಟರ್ ಗುಂಡಿಯಿಂದ ತಪ್ಪಿಸಿ ಹೆಬ್ಬೆರಳಿನ ಎಎಫ್-ಆನ್ ಗುಂಡಿಗೆ ಕೊಟ್ಟಿರುತ್ತೇನೆ. ಅಡ್ಡ ಬಂದ ವಸ್ತುವಿಗೆ ಎಷ್ಟು ಬೇಗ ಸ್ಪಂದಿಸಬೇಕು ಎಂಬುದಕ್ಕೆ ಮೆನುವಿನಲ್ಲಿ 1ರಿಂದ 5ರವರೆಗೆ ಮಟ್ಟಗಳಿವೆ. ಅದನ್ನು ನಿಧಾನದ ಕಡೆಗೆ ಒಯ್ದರೆ ಅಡ್ಡ ಹಾರಿದ ಹಕ್ಕಿಯ ಬೆನ್ನು ಹತ್ತದೆ ಮೊದಲಿನ ಹಕ್ಕಿಯನ್ನೇ ಹಿಡಿದುಕೊಂಡಿರುತ್ತದೆ. ಸೆಕೆಂಡಿಗೆ 10 ಚಿತ್ರಗಳ ವೇಗದಲ್ಲಿ ಕನ್ನಡಿ ಏಳುತ್ತ ಬೀಳುತ್ತ ಇರುವಾಗ, ಅದು ಕೆಳಗಿರುವ ಆ ಚೂರು ಸಮಯದಲ್ಲೇ ಫೋಕಸ್ ಘಟಕ ದೂರವನ್ನು ಮತ್ತೆ ಅಳೆದು ಲೆನ್ಸ್‌ಗೆ ತಿಳಿಸಬೇಕು. ಇಷ್ಟು ಇಕ್ಕಟ್ಟಿನಲ್ಲಿ ಅದು ಕೆಲಸ ಮಾಡುವ ನಿಖರತೆಯನ್ನು ನೋಡಿದರೆ ಯಂತ್ರ ಕಟ್ಟಿದವರ ಬಗ್ಗೆ ಗೌರವ ಮೂಡುತ್ತದೆ.

ಇಲ್ಲಿ ಕನ್ನಡಿಯ ಒಂದು ದೊಡ್ಡ ಉಪಕಾರವಿದೆ. ವ್ಯೂಫೈಂಡರ್‌ನಲ್ಲಿ ಕಾಣುವುದು ಪರದೆಯ ಮೇಲಿನ ಚಿತ್ರವಲ್ಲ. ಲೆನ್ಸ್ ಮೂಲಕ ಬಂದ ಬೆಳಕೇ ಕನ್ನಡಿಗೆ ತಗುಲಿ, ಪ್ರಿಸಂನಲ್ಲಿ ತಿರುಗಿ ಕಣ್ಣಿಗೆ ಬರುತ್ತದೆ. ಅಲ್ಲಿ ಕಾಲವಿಳಂಬವಿಲ್ಲ. ರೀವ ತಲೆ ಕೆಳಗೆ ಮಾಡಿದ್ದು ಆಗಿರುವ ಹೊತ್ತಿಗೇ ಕಾಣುತ್ತದೆ. ಬ್ಯಾಟರಿಯೂ ಹೆಚ್ಚು ಖರ್ಚಾಗುವುದಿಲ್ಲ, ಒಂದು ಚಾರ್ಜಿಗೆ 1,240 ಚಿತ್ರಗಳೆಂಬುದು ನಿಗದಿತ ಮಾನದಂಡದ ಲೆಕ್ಕ. ಹಕ್ಕಿಯ ಚಿತ್ರಗಳನ್ನು ಒಂದೇ ಉಸಿರಿಗೆ ಸರಣಿಯಾಗಿ ತೆಗೆಯುವವರಿಗೆ ಅದು ಇನ್ನೂ ಹೆಚ್ಚು ಬಾಳಿಕೆ ಬರುತ್ತದೆ. ಕರೆಂಟಿನ ಖಾತ್ರಿಯಿಲ್ಲದ ಮಲೆನಾಡಿನ ತಂಗುದಾಣಗಳಲ್ಲಿ ಇದು ದೊಡ್ಡ ನೆಮ್ಮದಿ.

ಆದರೆ ಅದೇ ಕನ್ನಡಿ ಒಂದು ಮುಖ್ಯ ವಿಷಯವನ್ನು ಮುಚ್ಚಿಡುತ್ತದೆ. ಕಣ್ಣಿಗೆ ಕಾಣುವುದು ದೃಶ್ಯವೇ ಹೊರತು ಅದು ಹೇಗೆ ದಾಖಲಾಗುತ್ತದೆ ಎಂಬುದಲ್ಲ. ಕಡು ನೀರಿನ ಮುಂದೆ ಬಿಳಿ ಹಕ್ಕಿ ಹಾರುವಾಗ ಕ್ಯಾಮೆರಾದ ಸಾಮಾನ್ಯ ಅಳತೆ ಇಡೀ ಚೌಕಟ್ಟಿನ ಕತ್ತಲನ್ನು ಲೆಕ್ಕಕ್ಕೆ ಹಿಡಿದು ಬೆಳಕನ್ನು ಹೆಚ್ಚಿಸುತ್ತದೆ. ರೆಕ್ಕೆಯ ಗರಿಗಳ ವಿವರ ಸುಟ್ಟು ಬೆಳ್ಳಗಾಗುತ್ತದೆ. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಇದು ಚಿತ್ರ ತೆಗೆಯುವ ಮೊದಲೇ ಕಣ್ಣಿಗೆ ಬೀಳುತ್ತದೆ. ಡಿ500ರಲ್ಲಿ ಚಿತ್ರ ತೆಗೆದ ನಂತರ ಹಿಂಬದಿಯ ಪರದೆ ನೋಡಿದರಷ್ಟೇ ಗೊತ್ತಾಗುವುದು, ಅಷ್ಟರಲ್ಲಿ ಹಕ್ಕಿ ಮೀನು ಹಿಡಿದು ಹೋಗಿರುತ್ತದೆ. ಇದಕ್ಕೆ ಪರಿಹಾರವಾಗಿ ಹೈಲೈಟ್ ಆಧಾರಿತ ಮೀಟರಿಂಗ್ ಎಂಬ ಅಳತೆಯ ಕ್ರಮವೊಂದನ್ನು ಕೊಟ್ಟಿದ್ದಾರೆ. ಚೌಕಟ್ಟಿನ ಅತಿ ಪ್ರಕಾಶಮಾನ ಭಾಗ ಸುಡದಂತೆ ಅದು ನೋಡಿಕೊಳ್ಳುತ್ತದೆ. ಉಳಿದ ಭಾಗ ಕತ್ತಲಾದರೂ ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ) 400ರೊಳಗಿನ ರಾ ಕಡತದಲ್ಲಿ (ಸೆನ್ಸರ್ ದಾಖಲಿಸಿದ್ದನ್ನು ಸಂಸ್ಕರಿಸದೆ ಉಳಿಸುವ ಕಡತ) ನೆರಳನ್ನು ಮೇಲೆತ್ತಲು ಬೇಕಾದಷ್ಟು ಅವಕಾಶವಿದೆ. ಬೆಳ್ಳಕ್ಕಿ, ಚಮಚ ಕೊಕ್ಕಿನ ಹಕ್ಕಿ, ರೀವ ಇವುಗಳಿಗೆ ನಾನು ಈ ಕ್ರಮವನ್ನೇ ನಂಬುತ್ತೇನೆ, ಹೊಸಬರಿಗೂ ಅದನ್ನೇ ಹೇಳುತ್ತೇನೆ.

ಕನ್ನಡಿಯಿಂದಾಗುವ ಇನ್ನೊಂದು ತೊಡಕು ಸೂಕ್ಷ್ಮವಾದದ್ದು, ಲೆನ್ಸ್ ಬದಲಿಸುವ ಕ್ಯಾಮೆರಾಗಳಿಗೆಂದೇ ಮೀಸಲಾದದ್ದು. ಮುಖ್ಯ ಕನ್ನಡಿಯ ಹಿಂದೆ ಇನ್ನೊಂದು ಪುಟ್ಟ ಕನ್ನಡಿಯಿದೆ. ಅದು ಒಂದಿಷ್ಟು ಬೆಳಕನ್ನು ಬಾಡಿಯ ತಳದಲ್ಲಿರುವ ಫೋಕಸ್ ಘಟಕಕ್ಕೆ ಕಳಿಸುತ್ತದೆ. ಅಂದರೆ ಫೋಕಸ್ ಅಳೆಯುವುದು ಒಂದು ಜಾಗದಲ್ಲಿ, ಚಿತ್ರ ಮೂಡುವುದು ಇನ್ನೊಂದು ಜಾಗದಲ್ಲಿ. ಈ ಎರಡು ದಾರಿಗಳ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ, ಹಕ್ಕಿಯ ಕಣ್ಣಿನ ಬದಲು ರೆಕ್ಕೆಯ ತುದಿಯೋ ಹಿಂದಿನ ಕೊಂಬೆಯೋ ಸ್ಪಷ್ಟವಾಗಿ ಬರುತ್ತದೆ. ಒಂದು ಲೆನ್ಸ್‌ನೊಂದಿಗೆ ಸರಿಯಿದ್ದ ಬಾಡಿ ಇನ್ನೊಂದರೊಂದಿಗೆ ತುಸು ಮುಂದಕ್ಕೆ ಅಥವಾ ಹಿಂದಕ್ಕೆ ಫೋಕಸ್ ಮಾಡಬಹುದು. ಹೊಸ ಲೆನ್ಸ್ ಕೊಂಡವರು ಚಿತ್ರ ಮಸುಕೆಂದು ಬೇಸರಪಟ್ಟುಕೊಳ್ಳುವ ಎಷ್ಟೋ ಸಂದರ್ಭಗಳಲ್ಲಿ ಕಾರಣ ಲೆನ್ಸ್‌ನಲ್ಲಿರುವುದಿಲ್ಲ, ಈ ಹೊಂದಾಣಿಕೆಯಲ್ಲಿರುತ್ತದೆ.

ಡಿ5 ಮತ್ತು ಡಿ500ರಲ್ಲಿ ಇದನ್ನು ಕ್ಯಾಮೆರಾವೇ ಸರಿಪಡಿಸಿಕೊಳ್ಳುವ ಅನುಕೂಲ ಮೊದಲ ಬಾರಿಗೆ ಬಂತು. ಟ್ರೈಪಾಡ್ ಮೇಲೆ ಕ್ಯಾಮೆರಾ ಇಟ್ಟು, ಎದುರಿಗೆ ಒಳ್ಳೆಯ ಬೆಳಕಿನಲ್ಲಿ ಸ್ಪಷ್ಟ ಗೆರೆಗಳಿರುವ ಹಾಳೆಯೊಂದನ್ನು ನಿಲ್ಲಿಸಿ, ಲೈವ್ ವ್ಯೂನಲ್ಲಿ (ಹಿಂಬದಿಯ ಪರದೆಯಲ್ಲಿ ದೃಶ್ಯ ನೋಡುವ ಕ್ರಮ) ಸೆನ್ಸರ್ ಮೂಲಕವೇ ನಿಖರವಾಗಿ ಫೋಕಸ್ ಮಾಡಬೇಕು. ಆಮೇಲೆ ಮುಂಬದಿಯ ಫೋಕಸ್ ಮೋಡ್ ಗುಂಡಿಯನ್ನೂ ಮೇಲಿನ ವಿಡಿಯೊ ಗುಂಡಿಯನ್ನೂ ಒಟ್ಟಿಗೆ ಎರಡು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿದರೆ, ಕ್ಯಾಮೆರಾ ಎರಡು ಅಳತೆಗಳನ್ನೂ ಹೋಲಿಸಿ ಆ ಲೆನ್ಸ್‌ಗೆ ಬೇಕಾದ ತಿದ್ದುಪಡಿಯನ್ನು ನೆನಪಿಟ್ಟುಕೊಳ್ಳುತ್ತದೆ. ಇದನ್ನು ಹಲವು ಸಲ ಮಾಡಿ ಬಂದ ಸಂಖ್ಯೆಗಳ ಸರಾಸರಿಯನ್ನು ಉಳಿಸಿಕೊಳ್ಳುವುದು ಒಳ್ಳೆಯದು. ಜೂಮ್ ಲೆನ್ಸ್‌ಗೆ ಒಂದೇ ಸಂಖ್ಯೆ ಕೊಡಲು ಸಾಧ್ಯವಿರುವುದರಿಂದ 200 ಎಂಎಂನಲ್ಲಿ ಸರಿಹೋದದ್ದು 500ರಲ್ಲಿ ಸರಿಹೋಗದೆ ಇರಬಹುದು; ಹಕ್ಕಿಗೆಂದು ಕೊಂಡವರು 500ರಲ್ಲೇ ಹೊಂದಿಸಿಕೊಳ್ಳಬೇಕು. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮೇಲೆಯೇ ಫೋಕಸ್ ಅಳೆಯುವುದರಿಂದ ಈ ಇಡೀ ಸಮಸ್ಯೆಯೇ ಬಹುಮಟ್ಟಿಗೆ ಇಲ್ಲ. ಕನ್ನಡಿಯಿಲ್ಲದ ಕ್ಯಾಮೆರಾಗಳ ಎಲ್ಲ ಅನುಕೂಲಗಳಲ್ಲಿ ನಾನು ಮನಸಾರೆ ಬಯಸುವುದು ಇದನ್ನೇ, ಹಕ್ಕಿಯ ಕಣ್ಣನ್ನು ತಾನೇ ಹುಡುಕುವ ಜಾಣ್ಮೆಗಿಂತಲೂ ಹೆಚ್ಚಾಗಿ.

ಸಣ್ಣ ಸೆನ್ಸರ್‌ನ ಮಾತು. ಡಿ500ರ ಸೆನ್ಸರ್ 23.5×15.7 ಮಿ.ಮೀ., ಅದರಲ್ಲಿ 2.09 ಕೋಟಿ ಪಿಕ್ಸೆಲ್‌ಗಳು. ಅದಕ್ಕೆ 500 ಎಂಎಂ ಲೆನ್ಸ್ ಹಾಕಿದರೆ 750 ಎಂಎಂ ಆಗುತ್ತದೆ ಎಂದು ಅಂಗಡಿಗಳಲ್ಲಿ ಹೇಳುವುದುಂಟು. ಲೆನ್ಸ್ ಉದ್ದವಾಗುವುದಿಲ್ಲ, ಅದು ಮೂಡಿಸಿದ ಬಿಂಬದ ನಡುಭಾಗವನ್ನಷ್ಟೇ ಸೆನ್ಸರ್ ತೆಗೆದುಕೊಳ್ಳುತ್ತದೆ, ಆದರೆ ಆ ನಡುಭಾಗದಲ್ಲಿ ಪಿಕ್ಸೆಲ್‌ಗಳು ದಟ್ಟವಾಗಿವೆ. ನಿಜವಾದ ಲಾಭ ಈ ದಟ್ಟಣೆಯದು. 2017ರಲ್ಲಿ ಬಂದ 4.57 ಕೋಟಿ ಪಿಕ್ಸೆಲ್‌ನ ಡಿ850 ಬಾಡಿಯಲ್ಲಿ ಅದೇ ಲೆನ್ಸ್ ಹಾಕಿ, ಚಿತ್ರವನ್ನು ಡಿ500ರ ಚೌಕಟ್ಟಿನಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಸುಮಾರು 1.94 ಕೋಟಿ. ದೂರದ ಹಕ್ಕಿಯ ಮೇಲೆ ಬೀಳುವ ಪಿಕ್ಸೆಲ್‌ಗಳ ಲೆಕ್ಕದಲ್ಲಿ ಅಗ್ಗದ ಬಾಡಿ ದುಬಾರಿ ಬಾಡಿಗೆ ಸಮನಾಗಿ ನಿಲ್ಲುತ್ತದೆ. ನಮ್ಮ ಕಾಡುಗಳಲ್ಲಿ ಹಕ್ಕಿ ಎಂದೂ ಬೇಕಾದಷ್ಟು ಹತ್ತಿರ ಇರುವುದಿಲ್ಲವಾದ್ದರಿಂದ ಇದು ಕಾಗದದ ಮೇಲಿನ ಲಾಭವಷ್ಟೇ ಅಲ್ಲ.

ಬೆಳಕು ಕುಸಿದಾಗ ಈ ಲೆಕ್ಕ ತಿರುಗಿ ನಿಲ್ಲುತ್ತದೆ. ಫುಲ್ ಫ್ರೇಮ್ ಸೆನ್ಸರ್‌ನ ವಿಸ್ತೀರ್ಣ ಇದರ ಎರಡೂ ಕಾಲು ಪಟ್ಟಿಗಿಂತ ಹೆಚ್ಚು. ಹತ್ತಿರದ ಪ್ರಾಣಿಯೊಂದರಿಂದ ಎರಡೂ ಚೌಕಟ್ಟುಗಳನ್ನು ಪೂರ್ತಿ ತುಂಬಿಸಲು ಸಾಧ್ಯವಿದ್ದಲ್ಲಿ ದೊಡ್ಡ ಸೆನ್ಸರ್ ಒಂದು ಸ್ಟಾಪ್‌ಗಿಂತ (ಬೆಳಕಿನ ಎರಡರಷ್ಟು ವ್ಯತ್ಯಾಸ) ಹೆಚ್ಚು ಮುಂದಿರುತ್ತದೆ. ನಾಗರಹೊಳೆಯ ಸಂಜೆ ಸಫಾರಿಯ ಕೊನೆಯ ಅರ್ಧ ಗಂಟೆಯಲ್ಲಿ, ರಸ್ತೆಗಿಳಿದ ಚಿರತೆಯನ್ನು ಎಫ್/5.6 ಅಪರ್ಚರ್‌ನಲ್ಲಿ (ಲೆನ್ಸ್‌ನೊಳಗೆ ಬೆಳಕು ಬರುವ ಕಿಂಡಿಯ ಅಳತೆ), ಸೆಕೆಂಡಿನ 500ನೇ ಒಂದು ಭಾಗದಲ್ಲಿ ತೆಗೆಯಬೇಕೆಂದರೆ ಐಎಸ್‌ಒ 6400 ದಾಟುತ್ತದೆ. ಅಲ್ಲಿ ಡಿ500 ಕೊಡುವ ಚಿತ್ರ ಬಳಕೆಗೆ ಬರುತ್ತದೆ, ಆದರೆ ರೋಮಗಳ ನವಿರು ಹೋಗಿ ನಾಯ್ಸ್ (ಮರಳಿನಂಥ ಕಾಳು) ಕಾಣತೊಡಗುತ್ತದೆ. ಗಣೇಶಗುಡಿಯ ದಟ್ಟ ನೆರಳಲ್ಲಿ ಕೂತ ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ಅಲುಗಾಡದೆ ಕೂರುವುದರಿಂದ ಶಟರ್ ವೇಗ ಇಳಿಸಿ ಪಾರಾಗಬಹುದು. ಓಡುವ ಪ್ರಾಣಿಗೆ ಆ ದಾರಿಯಿಲ್ಲ. ಐಎಸ್‌ಒ 16,40,000ರವರೆಗೆ ವಿಸ್ತರಿಸಬಹುದು ಎಂಬ ಜಾಹೀರಾತಿನ ಸಂಖ್ಯೆಯನ್ನು ಕೊಳ್ಳುವವರು ಲೆಕ್ಕಕ್ಕೇ ತೆಗೆದುಕೊಳ್ಳಬಾರದು. ಫೋಕಸ್ ಮಾತ್ರ ಇಂಥ ಮಬ್ಬಿನಲ್ಲೂ ಸೋಲುವುದಿಲ್ಲ ಎಂಬುದನ್ನು ಹೇಳಲೇಬೇಕು. ಕಣ್ಣಿಗೆ ಪ್ರಾಣಿ ಸರಿಯಾಗಿ ಕಾಣದ ಹೊತ್ತಿನಲ್ಲೂ ನಡುವಿನ ಬಿಂದು ಹಿಡಿಯುತ್ತದೆ. ಎಡಬದಿಯ ಗುಂಡಿಗಳಿಗೆ ಹಿಂದಿನಿಂದ ಬೆಳಕು ಬರುವ ಏರ್ಪಾಡೂ ಬೆಳಗಿನ ಕತ್ತಲಲ್ಲಿ ಜೀಪು ಹತ್ತುವವರ ಕಷ್ಟ ಅರಿತು ಮಾಡಿದ್ದು.

ಕಾರ್ಡ್‌ಗೆ ಬರೆಯುವ ಮುನ್ನ ಚಿತ್ರಗಳನ್ನು ಹಿಡಿದಿಡುವ ಬಫರ್ ವಿಷಯದಲ್ಲಿ ದೂರುವುದಕ್ಕೆ ಏನೂ ಇಲ್ಲ. ವೇಗದ ಎಕ್ಸ್‌ಕ್ಯೂಡಿ ಮೆಮೊರಿ ಕಾರ್ಡ್ ಇದ್ದರೆ 14 ಬಿಟ್‌ನ ರಾ ಚಿತ್ರಗಳು ತಡೆಯಿಲ್ಲದೆ 200ರವರೆಗೆ ಬರುತ್ತವೆ, ಅಂದರೆ ಪೂರ್ತಿ 20 ಸೆಕೆಂಡುಗಳು. ಆದರೆ ಆ ಕಾರ್ಡ್‌ಗಳು ಮಾರುಕಟ್ಟೆಯಲ್ಲಿ ಎಂದೂ ಸಲೀಸಾಗಿ ಸಿಗಲಿಲ್ಲ, ತಯಾರಕರೂ ಬೆರಳೆಣಿಕೆಯಷ್ಟೇ. 2020ರ ಡಿಸೆಂಬರ್‌ನಲ್ಲಿ ಬಂದ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ತಂತ್ರಾಂಶ) ಅದೇ ಕಿಂಡಿಯಲ್ಲಿ ಸಿಎಫ್ ಎಕ್ಸ್‌ಪ್ರೆಸ್ ಟೈಪ್ ಬಿ ಕಾರ್ಡ್‌ಗಳನ್ನು ಒಪ್ಪಿಕೊಳ್ಳುವಂತೆ ಮಾಡಿತು. ಸುಮಾರು ಐದು ವರ್ಷ ಹಳೆಯ ಬಾಡಿಗೆ ಇಂಥ ಆಯಸ್ಸು ಕೊಟ್ಟದ್ದು ಮೆಚ್ಚಬೇಕಾದ ಕೆಲಸ. ಎರಡನೆಯ ಕಿಂಡಿಯಲ್ಲಿ ಎಸ್‌ಡಿ ಕಾರ್ಡ್ ಹಾಕಿ ಪ್ರತಿಯೊಂದನ್ನೂ ಎರಡರಲ್ಲೂ ಬರೆಸಹೊರಟರೆ ಮಾತ್ರ ವೇಗ ನಿಧಾನದ ಕಾರ್ಡಿಗೆ ಇಳಿಯುತ್ತದೆ.

ಈಗ ಲೆನ್ಸ್‌ಗಳು. ಲೆನ್ಸ್ ಬದಲಿಸುವ ಕ್ಯಾಮೆರಾದ ಬಗ್ಗೆ ಬರೆಯುವಾಗ ಬಾಡಿಯ ಬಗ್ಗೆಯೇ ಮಾತು ಮುಗಿಸುವುದು ನನಗೆ ಸರಿಕಾಣುವುದಿಲ್ಲ. ಬಾಡಿಗೆ ಲೆನ್ಸ್ ಕೂಡುವ ಜಾಗವಾದ ನಿಕಾನ್‌ನ ಎಫ್ ಮೌಂಟ್ 1959ರಲ್ಲಿ ಬಂದದ್ದು. ಅರ್ಧ ಶತಮಾನಕ್ಕೂ ಮೀರಿ ಅದೇ ಲೋಹದ ಬಳೆಯನ್ನು ಉಳಿಸಿಕೊಂಡು ಬಂದದ್ದರಿಂದ, 1977ರ ನಂತರದ ಎಐ ಮಾದರಿಯ ಕೈಯಲ್ಲಿ ತಿರುಗಿಸುವ ಲೆನ್ಸ್‌ಗಳೂ ಡಿ500ರ ಮೇಲೆ ಕೂರುತ್ತವೆ. ಅವುಗಳ ಉದ್ದ ಮತ್ತು ಅಪರ್ಚರ್ ಎಷ್ಟೆಂದು ಮೆನುವಿನಲ್ಲಿ ಬರೆದರೆ ಬೆಳಕಿನ ಅಳತೆಯೂ ಸಿಗುತ್ತದೆ. ಸ್ವಂತ ಮೋಟಾರಿಲ್ಲದ ಎಎಫ್-ಡಿ ಲೆನ್ಸ್‌ಗಳನ್ನು ತಿರುಗಿಸಲು ಬಾಡಿಯೊಳಗೆ ಮೋಟಾರಿದೆ. ಮನೆಯ ಕಪಾಟಿನಲ್ಲಿ ಹಿರಿಯರ ಕಾಲದ ಲೆನ್ಸ್ ಇರುವವರಿಗೆ ಇದರ ಬೆಲೆ ಗೊತ್ತು.

ಹಕ್ಕಿಯವರ ಪಾಲಿಗೆ ಎರಡು ಲೆನ್ಸ್‌ಗಳು ಈ ಬಾಡಿಯ ಭಾಗ್ಯವನ್ನು ನಿರ್ಧರಿಸಿದವು. 2015ರಲ್ಲಿ ಬಂದ 200-500 ಎಂಎಂ ಎಫ್/5.6 ಮೊದಲನೆಯದು. ಜೂಮ್ ಮಾಡಿದರೂ ಅಪರ್ಚರ್ ಕುಗ್ಗುವುದಿಲ್ಲ, 2.2 ಮೀಟರ್ ಹತ್ತಿರದವರೆಗೆ ಫೋಕಸ್ ಮಾಡುತ್ತದೆ. ರಂಗನತಿಟ್ಟಿನ ದೋಣಿ ಬಂಡೆಯ ಮೇಲಿನ ಮೊಸಳೆಯ ಹತ್ತಿರ ಸಾಗಿದಾಗ 200ಕ್ಕೂ, ಮರದ ತುದಿಯ ಕೊಕ್ಕರೆ ಗೂಡಿಗೆ 500ಕ್ಕೂ ಕ್ಷಣದಲ್ಲಿ ಬದಲಾಗಬಲ್ಲ ಲೆನ್ಸ್ ಅದು. ಆದರೆ ಟ್ರೈಪಾಡ್‌ಗೆ ಕೂಡಿಸುವ ಕಾಲರ್ ಸೇರಿ ಅದರ ತೂಕ 2,300 ಗ್ರಾಂ, ಬಾಡಿಯದು ಬ್ಯಾಟರಿ ಮತ್ತು ಕಾರ್ಡ್ ಸೇರಿ 860 ಗ್ರಾಂ. ಮೂರು ಕಿಲೋ ಮೀರಿದ ಭಾರವನ್ನು ಬೆಳಗಿನಿಂದ ಕೈಯಲ್ಲಿ ಎತ್ತಿ ಹಿಡಿದವರ ಭುಜ ಸಂಜೆಗೆ ಮಾತಾಡುತ್ತದೆ. ಫೋಕಸ್ ಮೋಟಾರು ಸಾಕಷ್ಟು ಚುರುಕಲ್ಲ. ಬಾಡಿ ಲೆಕ್ಕ ಮುಗಿಸಿದರೂ ಗಾಜು ಅಷ್ಟು ಬೇಗ ಸರಿಯುವುದಿಲ್ಲ. 2018ರಲ್ಲಿ 500 ಎಂಎಂ ಎಫ್/5.6 ಪಿಎಫ್ ಬಂದಾಗ ಈ ಎರಡು ಕೊರತೆಗಳೂ ನೀಗಿದವು. ಫ್ರೆನೆಲ್ ಮಾದರಿಯ ಗಾಜಿನ ನೆರವಿನಿಂದ ಅದರ ತೂಕ 1,460 ಗ್ರಾಂಗೆ ಇಳಿಯಿತು. ಡಿ500ರ ಫೋಕಸ್ ಎಷ್ಟು ಸಮರ್ಥ ಎಂಬುದು ನನಗೆ ಪೂರ್ತಿ ಮನದಟ್ಟಾದದ್ದು ಈ ಲೆನ್ಸ್ ಹಾಕಿದ ಮೇಲೆ.

ಉದ್ದದ ಲೆನ್ಸ್‌ಗಳ ಕಡೆ ಇಷ್ಟು ಶ್ರೀಮಂತಿಕೆ ಇದ್ದರೆ, ಅಗಲ ಕೋನದ ಕಡೆ ಬಡತನ. ಸಣ್ಣ ಸೆನ್ಸರ್‌ಗೆಂದೇ ರೂಪಿಸಿದ ಉತ್ತಮ ದರ್ಜೆಯ ಲೆನ್ಸ್‌ಗಳನ್ನು ಕಂಪನಿ ಕೈಬೆರಳಲ್ಲಿ ಎಣಿಸುವಷ್ಟು ಮಾತ್ರ ತಂದಿತು. 17-55 ಎಂಎಂ ಎಫ್/2.8 ಬಂದದ್ದು 2003ರಲ್ಲಿ, ಅದಕ್ಕೆ ಹೊಸ ರೂಪ ಬರಲೇ ಇಲ್ಲ. 2015ರ 16-80 ಎಂಎಂ ಒಂದು ಒಳ್ಳೆಯ ಅಪವಾದ. ಹಕ್ಕಿಯ ಜೊತೆಗೆ ಅದರ ಕೆರೆಯನ್ನೂ ಬೆಟ್ಟವನ್ನೂ ತೋರಿಸಬೇಕೆನ್ನುವವನು ಫುಲ್ ಫ್ರೇಮ್ ಲೆನ್ಸ್‌ಗಳನ್ನು ಎರವಲು ತಂದಂತೆ ಬಳಸಬೇಕು. ಅಲ್ಲಿ ಅಗಲವಾದದ್ದು ಇಲ್ಲಿ ಅಗಲವಾಗಿ ಉಳಿಯುವುದಿಲ್ಲ. ಇಷ್ಟು ಉತ್ತಮವಾದ ಬಾಡಿಯೊಂದನ್ನು ಕಟ್ಟಿ ಅದಕ್ಕೆ ತಕ್ಕ ಲೆನ್ಸ್‌ಗಳ ಬಳಗವನ್ನು ಕಟ್ಟದೆ ಹೋದದ್ದು ಡಿ500ರ ಅತಿ ದೊಡ್ಡ ಕೊರತೆ ಎಂದು ನನ್ನ ಖಚಿತ ಅಭಿಪ್ರಾಯ.

ಲೆನ್ಸ್ ಬಿಚ್ಚುವ ಸ್ವಾತಂತ್ರ್ಯಕ್ಕೆ ನಮ್ಮ ಹವಾಮಾನ ತನ್ನದೇ ಸುಂಕ ಕೇಳುತ್ತದೆ. ಏಪ್ರಿಲ್‌ನ ಸಫಾರಿ ರಸ್ತೆಯ ಕೆಂಧೂಳಿನಲ್ಲಿ ಲೆನ್ಸ್ ಬದಲಿಸುವುದೆಂದರೆ ಕ್ಯಾಮೆರಾದ ಒಳಗೆ ಮಣ್ಣು ಆಹ್ವಾನಿಸಿದಂತೆ. ಈ ವಿಷಯದಲ್ಲಿ ಕನ್ನಡಿ ಮತ್ತು ಶಟರ್ ಮುಂದೆ ನಿಂತು ಸೆನ್ಸರನ್ನು ತಕ್ಕಮಟ್ಟಿಗೆ ಕಾಯುತ್ತವೆ, ಆದರೂ ಎಫ್/16ರಲ್ಲಿ ಬರಿಯ ಆಕಾಶದ ಚಿತ್ರ ತೆಗೆದು ನೋಡಿದರೆ ಕಪ್ಪು ಚುಕ್ಕೆಗಳು ಕಂಡೇ ಕಾಣುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದ ಶತ್ರು ಬೇರೆ: ಬೂಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೀಲದಲ್ಲೇ ಮುಚ್ಚಿಟ್ಟ ಲೆನ್ಸ್‌ನ ಒಳಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಹಬ್ಬುತ್ತವೆ, ಅವು ಗಾಜಿನ ಲೇಪನವನ್ನೇ ತಿನ್ನುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುವುದು, ಅದರ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸುವುದು, ಬಿಸಿಲು ಕಂಡ ದಿನ ಲೆನ್ಸ್ ಹೊರತೆಗೆದು ಬಳಸುವುದು ಇವು ಇಲ್ಲಿ ಐಚ್ಛಿಕವಲ್ಲ.

ವಿಡಿಯೊ ಬೇಕೆನ್ನುವವರು ಈ ಕ್ಯಾಮೆರಾದ ಕಡೆ ನೋಡದಿರುವುದೇ ಮೇಲು. 4ಕೆ ಇದೆ, ಆದರೆ ಚೌಕಟ್ಟು ಇನ್ನೂ ಕಿರಿದಾಗಿ ಫುಲ್ ಫ್ರೇಮ್‌ಗೆ ಹೋಲಿಸಿದರೆ ಒಟ್ಟು 2.25 ಪಟ್ಟು ಕ್ರಾಪ್ ಆಗುತ್ತದೆ. ಲೈವ್ ವ್ಯೂನ ಫೋಕಸ್ ಹಿಂದೆಮುಂದೆ ತಡಕಾಡುತ್ತದೆ. ಶಟರ್ ಸದ್ದೂ ಹೈಡ್‌ನಲ್ಲಿ (ಹಕ್ಕಿಗೆ ಕಾಣದಂತೆ ಕೂರುವ ಮರೆ) ಕೂತವರಿಗೆ ತೊಂದರೆಯೇ. ಮೆಲುದನಿಯ ಕ್ರಮವಿದ್ದರೂ ಅದರಲ್ಲಿ ವೇಗ ಬಹಳ ಕುಸಿಯುತ್ತದೆ, ಸದ್ದು ಪೂರ್ತಿ ಹೋಗುವುದೂ ಇಲ್ಲ.

2018ರಲ್ಲಿ ನಿಕಾನ್‌ನ ಮಿರರ್‌ಲೆಸ್ ಕ್ಯಾಮೆರಾಗಳ ಝಡ್ ಮೌಂಟ್ ಬಂತು, 2021ರಲ್ಲಿ ಯಾಂತ್ರಿಕ ಶಟರೇ ಇಲ್ಲದ ಝಡ್9 ಬಂತು, ಡಿ500ರ ತಯಾರಿಕೆ ನಿಂತಿತು. ಈಗ ಇದನ್ನು ಕೊಳ್ಳುವವರು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೇ ಹೋಗಬೇಕು, ಬೆಲೆಯೂ ಕೈಗೆಟುಕುವಂತಿದೆ. ಹಕ್ಕಿ ಛಾಯಾಗ್ರಹಣ ಕಲಿಯಲು ಹೊರಟ ವಿದ್ಯಾರ್ಥಿಗೆ ಆ ಹಣದಲ್ಲಿ ಇದಕ್ಕಿಂತ ಒಳ್ಳೆಯ ಬಾಡಿಯನ್ನು ನಾನು ಸೂಚಿಸಲಾರೆ. ಆದರೆ ಶಟರ್ ಎಷ್ಟು ಸಲ ಬಿದ್ದಿದೆ ಎಂಬುದನ್ನು ಕೇಳಿ ತಿಳಿಯದೆ ಹಣ ಕೊಡಬಾರದು. 2 ಲಕ್ಷ ಸಲ ಪರೀಕ್ಷಿಸಿದ ಶಟರ್ ಎಂದರೆ ದೊಡ್ಡ ಸಂಖ್ಯೆಯಂತೆ ಕೇಳುತ್ತದೆ. ಸೆಕೆಂಡಿಗೆ 10ರ ವೇಗದಲ್ಲಿ ಅದು ಐದೂವರೆ ಗಂಟೆಗಳ ಕೆಲಸ, ಹಕ್ಕಿಯವರ ಬಾಡಿಗಳು ಆ ಗಡಿಯನ್ನು ಬಲುಬೇಗ ಮುಟ್ಟುತ್ತವೆ. ಹಿಡಿಕೆಯ ರಬ್ಬರು ಸಡಿಲಾಗಿದೆಯೇ, ಕಾರ್ಡ್ ಕಿಂಡಿಯ ಪಿನ್ನುಗಳು ನೆಟ್ಟಗಿವೆಯೇ ನೋಡಬೇಕು, ಲೆನ್ಸ್ ಒಳಗೆ ಟಾರ್ಚ್ ಬಿಟ್ಟು ಬೂಷ್ಟು ಹುಡುಕಬೇಕು. ಬಾಡಿ ಅಗ್ಗಕ್ಕೆ ಸಿಕ್ಕಿತೆಂದು ಉಳಿದ ಹಣವನ್ನು ಎರಡನೆಯ ಬಾಡಿಗೆ ಹಾಕದೆ 500 ಪಿಎಫ್ ಕಡೆಗೆ ಕೂಡಿಡುವುದು ಒಳ್ಳೆಯದು. ಮುಂದೊಂದು ದಿನ ಝಡ್ ಬಾಡಿಗೆ ಹೋದರೂ ಎಫ್ ಲೆನ್ಸನ್ನು ಝಡ್ ಬಾಡಿಗೆ ಕೂಡಿಸುವ ಎಫ್‌ಟಿಝಡ್ ಅಡಾಪ್ಟರ್ ಮೇಲೆ ಅದು ಆಟೋಫೋಕಸ್ ಸಹಿತ ಕೆಲಸ ಮಾಡುತ್ತದೆ. ಹಳೆಯ ಎಎಫ್-ಡಿ ಲೆನ್ಸ್‌ಗಳಿಗೆ ಆ ಅಡಾಪ್ಟರ್‌ನಲ್ಲಿ ಮೋಟಾರಿಲ್ಲ, ಅವನ್ನು ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ.